ರಣಸಿಂಗನ ನಾಡಿನಲ್ಲಿ ಮೊಮ್ಮಗಳು

ಮೊದಲಿಗೆ ಸುದ್ದಿ ಹೇಳಿಬಿಡುತ್ತೇನೆ, ತಡೆದಿಟ್ಟು ಹೇಳುವುದು ನನ್ನಿಂದಾಗದು. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಸಮುದ್ರದಾಚೆ, ಸ್ಕಾಟ್ಲೆಂಡ್ ಎಂಬ ದೇಶದಲ್ಲಿ, ಬರೀ ಕಲ್ಲಿನಿಂದ ಕಟ್ಟಿದ ಊರೊಂದರಲ್ಲಿ. ತಲೆ ತುಂಬ ಕಪ್ಪು ಕೂದಲು, ಮೂಗು ನಮ್ಮವ್ವನದು, ಅಳುವ ದನಿ ಮಾತ್ರ ನನ್ನದೇ. ಇದನ್ನು ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗಿ ಹೇಳಬೇಕೆಂದು ಆಸೆ ಇತ್ತು, ಹೆಂಡತಿ ಬೇಡವೆಂದಳು. ಬರೆಯುವುದಕ್ಕೆ ಬೇಡವೆಂದಿಲ್ಲ.

ನಾನು ಕಲಿತದ್ದು ನಾಲ್ಕನೇ ಇಯತ್ತೆ, ಅದರಲ್ಲೂ ಒಂದು ವರ್ಷ ಎಮ್ಮೆಯ ಹಿಂದೆ ಹೋಯಿತು. ಅಕ್ಷರ ಗಟ್ಟಿಯಾದದ್ದು ಸಾಲೆಯಲ್ಲಲ್ಲ, ದೊಡ್ಡಾಟದ ಮಾತುಗಳನ್ನು ಬಾಯಿಪಾಠ ಮಾಡುವಾಗ. ಹೀಗಾಗಿ ಎಷ್ಟು ಗಂಟೆಗೆ ಯಾವ ಊರು ಮುಟ್ಟಿದೆ, ಅಲ್ಲಿ ಏನೇನು ನೋಡತಕ್ಕದ್ದು ಎಂಬ ಪಟ್ಟಿಯನ್ನು ನನ್ನಿಂದ ಬಯಸಬೇಡಿರಿ. ಮೂರು ತಿಂಗಳು ಇದ್ದು ಬಂದೆ, ಅದರಲ್ಲಿ ಮೊದಲ ತಿಂಗಳು ಒಂದು ಹೊತ್ತೂ ನೆಟ್ಟಗೆ ಕೂತವನಲ್ಲ. ಯಾಕೆ ಕೂರಲಾಗಲಿಲ್ಲ ಎಂಬುದನ್ನೇ ಬರೆಯುತ್ತಿದ್ದೇನೆ.

ಇಂಡಿ ರೋಡ್ ಸ್ಟೇಶನ್

ನಮ್ಮದು ಸಿಂದಗಿ ತಾಲೂಕಿನ ಕನ್ನೊಳ್ಳಿ. ಒಬ್ಬಳೇ ಮಗಳು ಶಾಂತಾ, ಮನಗೂಳಿಗೆ ಕೊಟ್ಟಿದ್ದೇವೆ. ಅಳಿಯ ಈರಣ್ಣ ಡಾಕ್ಟರು. ಹೆಚ್ಚಿನ ಓದಿಗೆಂದು ವಿಲಾಯತಿಗೆ ಹೋದವರು ಅಲ್ಲಿಯ ದವಾಖಾನೆಯಲ್ಲೇ ನೌಕರಿ ಹಿಡಿದರು. ತುರ್ತು ಪರಿಸ್ಥಿತಿ ಎದ್ದು ಹೋದ ಮರುವರ್ಷ ಶಾಂತಾ ಬಸುರಿ ಎಂಬ ಪತ್ರ ಬಂತು. ನನ್ನ ಹೆಂಡತಿ ನೀಲವ್ವ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು. ಮೂರನೆಯ ಸಲ ಓದಲು ಬಿಡದೆ, ಬಾಣಂತಿಯ ಅಂಟಿನ ಉಂಡಿಗೆ ಬೆಲ್ಲ ಜಜ್ಜಲು ಕೂತಳು. ಹೆರಿಗೆಗೆ ಇನ್ನೂ ಐದು ತಿಂಗಳಿತ್ತು.

ಇಂಡಿ ರೋಡಿನಲ್ಲಿ ರೈಲು ಹತ್ತಿಸಲು ಮಲ್ಲಪ್ಪ ಬಂದಿದ್ದ. ವಿಮಾನದಲ್ಲಿ ಓಕರಿಕೆ ಬರುತ್ತದೆಂದು ಯಾರೋ ಹೇಳಿದ್ದರಿಂದ ಚೀಲದ ತುಂಬ ಇಂಡಿಯ ನಿಂಬೆಹಣ್ಣು ತಂದಿದ್ದ. ಮಲ್ಲಪ್ಪ ಯಾರೆಂದರೆ, ಇಪ್ಪತ್ತೆರಡು ವರ್ಷ ನಾನು ಕೊಲ್ಲುತ್ತ ಬಂದ ಮನುಷ್ಯ.

ಗಾಬರಿಯಾಗಬೇಡಿರಿ, ಆಟದಲ್ಲಿ. ನಮ್ಮ ಮೇಳದ ಹೆಸರಾದ ದೊಡ್ಡಾಟ ರಣಸಿಂಗನದು. ರಣಸಿಂಗ ಒಬ್ಬ ಸರದಾರ. ಗೆಳೆಯನ ಜೊತೆ ಕಾಳಗ ಗೆದ್ದು ಬರುವಾಗ ಅಡವಿಯಲ್ಲಿ ಮೂವರು ಕೊರವಂಜಿಯರು ಕಣಿ ಹೇಳಿ, ನೀನು ರಾಜನಾಗುತ್ತೀ ಎನ್ನುತ್ತಾರೆ. ಮನೆಯಲ್ಲಿ ಅವನ ಪತ್ರ ಓದಿದ ಹೆಂಡತಿ ಆ ಆಸೆಗೆ ಗಾಳಿ ಹಾಕುತ್ತಾಳೆ. ಅದೇ ಹೊತ್ತಿಗೆ ಮುದುಕ ರಾಜ ಧರ್ಮಸೇನ ಅವರ ಮನೆಗೆ ಉಣ್ಣಲು ಬರುತ್ತಾನೆ. ಉಂಡು ಮಲಗಿದವನನ್ನು ರಣಸಿಂಗ ಇರಿಯುತ್ತಾನೆ. ಆಮೇಲೆ ಹೆಂಡತಿ ಕೈ ತೊಳೆದೂ ತೊಳೆದೂ ಹುಚ್ಚಳಾಗಿ ಸಾಯುತ್ತಾಳೆ. ರಣಸಿಂಗನಿಗೆ ಮಕ್ಕಳಿಲ್ಲ, ಅವನೊಂದಿಗೆ ಮನೆತನವೂ ಮುಗಿಯುತ್ತದೆ. ನಮ್ಮ ಮಾಸ್ತರರು ಯಾರಿಂದಲೋ ಈ ಕಥೆ ಕೇಳಿ ಪದ ಕಟ್ಟಿ ಕಲಿಸಿದ್ದರು. ಉತ್ತರ ದೇಶದ ರಾಜರ ಕಥೆ ಎನ್ನುತ್ತಿದ್ದರು. ಉತ್ತರವೆಂದರೆ ಕಾಶಿಯ ಕಡೆ ಇರಬೇಕೆಂದು ನಾವು ತಿಳಿದಿದ್ದೆವು.

ಧರ್ಮಸೇನ ಮಲ್ಲಪ್ಪ, ರಣಸಿಂಗ ನಾನು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಯಂಕಂಚಿ, ಎಲ್ಲಿ ಕರೆದರೂ ಹೋಗಿ ಅವನನ್ನು ಕೊಂದು ಬರುತ್ತಿದ್ದೆ. ನಮ್ಮ ಮೇಳದಲ್ಲಿ ಒಂದು ಕಟ್ಟು ಇತ್ತು. ಬೆಳಗಿನ ಮಂಗಳಾರತಿ ಆದ ಮೇಲೆ, ಬಣ್ಣ ಒರೆಸುವ ಮೊದಲು, ಕೊಂದವನು ಸತ್ತವನ ಪಾದ ಹಿಡಿಯಬೇಕು. ಸತ್ತವನು ಅವನನ್ನು ಎಬ್ಬಿಸಿ, ಮುಗೀತು ಹೋಗು, ಎನ್ನಬೇಕು. ಅಲ್ಲಿಯವರೆಗೆ ಆ ಕೈಯಿಂದ ನೀರೂ ಕುಡಿಯುವಂತಿಲ್ಲ.

ಆರು ವರ್ಷದ ಹಿಂದೆ ನಮ್ಮ ಊರಲ್ಲೇ ಆಟ ನಡೆದಿತ್ತು. ಶಾಂತಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬೆಳಕು ಹರಿಯುವ ಹೊತ್ತಿಗೆ ಗಂಡು ಹುಟ್ಟಿತೆಂದು ಮನೆಯಿಂದ ಕೂಗಿದರು. ಮಂಗಳಾರತಿಯೂ ಇಲ್ಲ, ಪಾದವೂ ಇಲ್ಲ. ಕಿರೀಟ ಅಲ್ಲೇ ಬಿಸಾಕಿ ಓಡಿದೆ. ಕೈ ಎರಡೂ ಕೊಲೆಯ ಕೆಂಪು ಬಣ್ಣ. ಹಾಗೆಯೇ ಕೂಸನ್ನು ಎತ್ತಿಕೊಂಡು ಕುಣಿದೆ. ಮೂರನೆಯ ದಿನ ಕೂಸು ಹೋಯಿತು. ಎದೆಯಲ್ಲಿ ಹುಟ್ಟಿನಿಂದಲೇ ದೋಷವಿತ್ತೆಂದು ಡಾಕ್ಟರರು ಹೇಳಿದರು. ಆದರೆ ನನ್ನ ಕಿವಿಗೆ ಬಿದ್ದದ್ದು ಮನಗೂಳಿಯ ಬೀಗತಿಯವರ ಮಾತು.

“ಮನಿಗೆ ಬಂದಾವನ್ನ ಕೊಂದ ಕೈ ಅದು, ಬೀಗರ. ತೊಳೀಲಾರದ ನಮ್ಮ ಕೂಸಿಗಿ ಹಚ್ಚಿದ್ರಿ.”

ಪಾಪ, ದುಃಖದಲ್ಲಿ ಅಂದರು. ನಾನು ಮಾತ್ರ ಅದನ್ನು ಕಲ್ಲಲ್ಲಿ ಕೊರೆದಿಟ್ಟುಕೊಂಡೆ. ಆವತ್ತೇ ಬಣ್ಣ ಬಿಟ್ಟೆ. ಇನ್ನೊಂದು ಕೂಸು ಈ ಮನೆಗೆ ಬಂದರೆ ಈ ಕೈಯಿಂದ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳದಿದ್ದರೂ ನೀಲವ್ವನಿಗೆ ಗೊತ್ತಿತ್ತು, ಮಲ್ಲಪ್ಪನಿಗೂ ಗೊತ್ತಿತ್ತು. ರೈಲು ಅಲುಗಿದಾಗ ಅವನು ಕಿಟಕಿಗೆ ಜೋತುಬಿದ್ದು, “ಗುರಪ್ಪ, ಆ ಪಾದದ ಮಾತ ನಾ ಎಂದೋ ಬಿಟ್ಟೇನಿ, ನೀನೂ ಬಿಡೋ,” ಎಂದ. ನಾನು ನಿಂಬೆಹಣ್ಣು ಎಣಿಸುತ್ತ ಕೂತೆ.

ಲಂಡನ್

ವಿಮಾನದ ವಿಚಾರ ಬಿಡುತ್ತೇನೆ, ಕಣ್ಣು ಮುಚ್ಚಿಕೊಂಡಿದ್ದವನು ಏನು ವರ್ಣಿಸಲಿ. ಇಳಿದ ಮೇಲೆ ಕಸ್ಟಮಿನವರು ಗಂಟು ಬಿಚ್ಚಿಸಿದರು. ಖಟಕ ರೊಟ್ಟಿ, ಶೇಂಗಾ ಚಟ್ನಿ, ಉಂಡಿಯ ಡಬ್ಬಿ, ತೊಟ್ಟಿಲ ಕಾರ್ಯಕ್ಕೆಂದು ಎರಡು ತೆಂಗಿನಕಾಯಿ, ಎಲ್ಲವನ್ನೂ ನೋಡಿ ಸುಮ್ಮನಿದ್ದರು. ವಿಭೂತಿಯ ಗಟ್ಟಿ ಕಂಡಿತು ನೋಡಿರಿ, ಅಧಿಕಾರಿಯ ಮುಖ ಬಿಗಿಯಿತು. ಉಗುರಿನಿಂದ ಕೆರೆದ, ಮೂಸಿದ, ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ಬಿಳಿ ಪುಡಿ ಎಂದರೆ ಅವರಿಗೆ ಬೇರೆಯದೇ ಹೆದರಿಕೆಯಂತೆ, ಈರಣ್ಣ ಆಮೇಲೆ ಹೇಳಿದರು.

ನಾನು ನೀಲವ್ವನ ಹಿಂದೆ ಸರಿದೆ. ಅವಳು ಹೆದರುವವಳಲ್ಲ. ಗಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡು, ಬೆರಳು ಒದ್ದೆ ಮಾಡಿ ತಿಕ್ಕಿ, ತನ್ನ ಹಣೆಗೆ ಮೂರು ಬೆರಳೆಳೆದಳು, ನನ್ನ ಹಣೆಗೆ ಎಳೆದಳು. ನಂತರ ಅವನ ಹಣೆಯ ಕಡೆಗೂ ಕೈ ಚಾಚಿದಳು. ಅವನು ನಕ್ಕು ಹಿಂದೆ ಸರಿದು, ಹೋಗಿರೆಂದು ಕೈಮಾಡಿದ. ಹೊರಗೆ ಈರಣ್ಣ ಕಾಯುತ್ತಿದ್ದರು. ಮನಗೂಳಿಯಲ್ಲಿ ಧೋತರ ಉಟ್ಟು ಓಡಾಡುತ್ತಿದ್ದ ಮನುಷ್ಯ ಉದ್ದ ಕೋಟಿನಲ್ಲಿ ಇನ್ನೂ ತೆಳ್ಳಗೆ ಕಂಡರು. ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಾಗ ಸುತ್ತಲಿನವರು, ಏನೋ ಬಿದ್ದಿದೆಯೆಂದು ತಾವೂ ಬಗ್ಗಿ ಹುಡುಕಿದರು.

ಅಬರ್ಡೀನ್

ಅಲ್ಲಿಂದ ಒಂದು ಹಗಲು ಪೂರ್ತಿ ಉತ್ತರಕ್ಕೆ ರೈಲು. ಊರು ಅಬರ್ಡೀನ್. ಗುಡಿ, ಮನೆ, ಪೋಸ್ಟಾಫೀಸು, ಎಲ್ಲವೂ ಒಂದೇ ಬೂದು ಕಲ್ಲು. ಮಳೆ ನಿಂತು ಬಿಸಿಲು ಬಿದ್ದಾಗ ಗೋಡೆಗಳು ಮಿಣಮಿಣ ಹೊಳೆಯುತ್ತವೆ. ಮೀನಿನ ವಾಸನೆ ಒಂದು ಕಡೆ, ಸಮುದ್ರದಲ್ಲಿ ಎಣ್ಣೆ ತೆಗೆಯುವವರ ಗದ್ದಲ ಒಂದು ಕಡೆ. ಜೂನ್ ತಿಂಗಳು ರಾತ್ರಿ ಹತ್ತಾದರೂ ಹೊತ್ತು ಮುಳುಗುವುದಿಲ್ಲ. ಸಂಜೆಯಾದ ಮೇಲೆ ದೀಪ ಹಚ್ಚಬೇಕೆಂದು ನೀಲವ್ವ ಕಾಯ್ದು ಕಾಯ್ದು, ಬಿಸಿಲು ಇರುವಾಗಲೇ ಹಚ್ಚಿ ಕೈಮುಗಿದಳು. ಕಿಟಕಿಯಲ್ಲಿ ಇಟ್ಟ ರೊಟ್ಟಿಯನ್ನು ಕೋಳಿಯಷ್ಟು ದೊಡ್ಡದಾದ ಬಿಳಿ ಹಕ್ಕಿಯೊಂದು ಕಚ್ಚಿಕೊಂಡು ಹಾರಿತು. ಹಂಚಿನಂತೆ ಗಟ್ಟಿಯಾದ ಖಟಕ ರೊಟ್ಟಿ ತಿಂದು ಅದು ಏನಾಯಿತೋ ತಿಳಿಯದು.

ಮಂದಿ ಒಳ್ಳೆಯವರು. ಬಸ್ಸಿನಿಂದ ಇಳಿಯುವಾಗ ಡ್ರೈವರನಿಗೂ ಉಪಕಾರ ಹೇಳುತ್ತಾರೆ. ಆದರೆ ಪಕ್ಕದಲ್ಲಿ ಕೂತವನು ಯಾವ ಊರು, ಯಾರ ಮನೆಯವರು ಎಂದು ಕೇಳುವುದಿಲ್ಲ. ಸಿಂದಗಿಯಿಂದ ಇಂಡಿಗೆ ಹೋಗುವಷ್ಟರಲ್ಲಿ ನಮ್ಮಲ್ಲಿ ಎರಡು ಸಂಬಂಧ ಕುದುರಿರುತ್ತವೆ. ಇಲ್ಲಿ ಯಾರೂ ಕೇಳದೆ ಇದ್ದುದಕ್ಕೆ, ನಾನು ಗುರಪ್ಪ ಹೌದೋ ಅಲ್ಲವೋ ಎಂದು ನನಗೇ ಅನುಮಾನ ಬರತೊಡಗಿತು.

ಎಂಟನೆಯ ದಿನ ಮೊಮ್ಮಗಳು ಹುಟ್ಟಿದಳು. ದವಾಖಾನೆಯಲ್ಲಿ ಗಾಜಿನ ಈಚೆ ನಮ್ಮನ್ನು ನಿಲ್ಲಿಸಿ, ಆಚೆಯಿಂದ ನರ್ಸಮ್ಮ ಕೂಸನ್ನು ಎತ್ತಿ ತೋರಿಸಿದಳು. ಅಯ್ಯೋ, ಏನು ಹೇಳಲಿ. ನಾನು ಅಲ್ಲೇ ಎರಡು ಹೆಜ್ಜೆ ಕುಣಿದೆ, ದೊಡ್ಡಾಟದ ಹೆಜ್ಜೆಯನ್ನೇ. ಪಕ್ಕದಲ್ಲಿದ್ದ ದೊರೆಯೊಬ್ಬ ಚಪ್ಪಾಳೆ ತಟ್ಟಿದ. ಗಾಜು ಇತ್ತಲ್ಲ, ಅದಕ್ಕೆ ಅಷ್ಟು ಧೈರ್ಯ.

ಬಿಡುಗಡೆಯ ದಿನ ಗಾಜು ಇರಲಿಲ್ಲ. ನರ್ಸಮ್ಮ ನಗುತ್ತ ಬಂದು ಕೂಸನ್ನು ಅಜ್ಜನ ಕೈಗೇ ಕೊಡಲು ಚಾಚಿದಳು. ನಾನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡೆ. ನಮ್ಮ ದೇಶದ ರೀತಿ ಇರಬೇಕೆಂದು ತಿಳಿದು ಅವಳು ನೀಲವ್ವನಿಗೆ ಕೊಟ್ಟಳು. ಶಾಂತಾ ಮಾತ್ರ ಒಂದು ಕ್ಷಣ ನನ್ನನ್ನು ನೋಡಿದಳು.

ಅವತ್ತಿನಿಂದ ನನ್ನ ಪಡಿಪಾಟಲು ಶುರು. ಮನೆಯಲ್ಲಿರುವಾಗ ಕೈಯಲ್ಲಿ ಏನಾದರೂ ಹಿಡಿದೇ ಇರಬೇಕು. ಚಹದ ಕಪ್ಪು, ಓದಲು ಬಾರದ ಪೇಪರು, ಏನೂ ಸಿಗದಿದ್ದರೆ ಛತ್ರಿ. ಕೂಸು ಅತ್ತರೆ ಮೆಟ್ಟಿಲಿಳಿದು ಬೀದಿಗೆ ಹೋಗುವೆ, ಬೀದಿಯಲ್ಲಿ ನಿಂತರೆ ಕೂಸು ಏನು ಮಾಡುತ್ತಿದೆಯೋ ಎಂದು ಮೇಲೆ ಓಡುವೆ. ಮೂರು ಮಹಡಿ. ದಿನಕ್ಕೆ ಹದಿನೈದು ಸಲವಾದರೂ ಹತ್ತಿ ಇಳಿದಿರಬೇಕು. ತೊಟ್ಟಿಲಲ್ಲಿ ಮಲಗಿದಾಗ ಹತ್ತಿರ ಕೂತು, ಮುಖ ಬಗ್ಗಿಸಿ ಉಸಿರು ಕೇಳುತ್ತಿದ್ದೆ, ಕೈ ತೊಡೆಯ ಕೆಳಗೆ ಒತ್ತಿಕೊಂಡು.

“ಮನಿಯೊಳಗ ಛತ್ರಿ ಹಿಡ್ಕೊಂಡು ಕುಂದರೋ ಗಂಡಸನ್ನ ಇದ ಮೊದಲ ನೋಡಾಕತ್ತೇನಿ,” ಎಂದಳು ನೀಲವ್ವ. “ಮಳಿ ಮನಿಯೊಳಗೂ ಬರತೈತೇನ್ರಿ ಇಲ್ಲಿ?”

ನಾಟಕದ ಮನೆ

ನನ್ನ ಓಡಾಟ ನೋಡಲಾರದೆ ಈರಣ್ಣ ಒಂದು ಸಂಜೆ ನಾಟಕಕ್ಕೆ ಕರೆದೊಯ್ದರು. ಹಳೆಯ ಕಾಲದ ಹೆಸರುವಾಸಿ ನಾಟಕವಂತೆ, ಕಾಲೇಜಿನಲ್ಲಿ ಓದಿದ್ದರಂತೆ. ನಮ್ಮ ದೊಡ್ಡಾಟವನ್ನು ಅವರು ಒಂದು ದಿನವೂ ಕೂತು ನೋಡಿದವರಲ್ಲ. ಕಾಲು ಚಾಚಲಾಗದಷ್ಟು ಇಕ್ಕಟ್ಟಿನ ಕುರ್ಚಿ, ಕೆಂಪು ಮಖಮಲ್ಲು, ದೀಪ ಆರಿತು. ಸಾವಿರ ಮಂದಿ ಒಂದು ಕೆಮ್ಮೂ ಇಲ್ಲದೆ ಕೂತಿದ್ದಾರೆ. ಪರದೆ ಎದ್ದಾಗ ಬಯಲು, ಮಂಜು, ಮೂವರು ಹೆಂಗಸರು.

ನನಗೆ ಜುಮ್ಮೆಂದಿತು. ಈರಣ್ಣನವರ ತೋಳು ಹಿಡಿದೆ. “ಅಳಿಯಂದ್ರ, ಇವರು ನಮ್ಮ ಕೊರವಂಜ್ಯಾರು. ಇದು ನಮ್ಮ ಆಟ.”

“ಇಲ್ರಿ ಮಾವಾರ, ಇದು ಇಂಗ್ಲಿಷ್ ನಾಟಕ್ರಿ.”

“ನೋಡ್ತಿರ್ರಿ. ಈಗ ಕಾಳಗ ಗೆದ್ದ ಇಬ್ಬರು ಬರ್ತಾರ.”

ಇಬ್ಬರು ಬಂದರು. ಈಗ ಹೆಂಡತಿ ಪತ್ರ ಓದುತ್ತಾಳೆ ಎಂದೆ, ಓದಿದಳು. ಮುದುಕ ರಾಜ ಊಟಕ್ಕೆ ಬರುತ್ತಾನೆ ಎಂದೆ, ಬಂದ. ಭಾಷೆ ಒಂದಕ್ಷರ ತಿಳಿಯದಿದ್ದರೂ ಎಲ್ಲ ತಿಳಿಯಿತು. ಈರಣ್ಣ ಬಾಯಿ ತೆರೆದು ವೇದಿಕೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಕಠಾರಿ ಹಿಡಿದು ಅವನು ಒಬ್ಬನೇ ನಿಂತಾಗ ನಾನು ಯಾವಾಗ ಎದ್ದು ನಿಂತೆನೋ ಅರಿಯೆ. ಹಿಂದಿನ ಸಾಲಿನವನು ಕೋಟು ಹಿಡಿದು ಮೆತ್ತಗೆ ಕೂರಿಸಿದ. ಇದು ಇದೇ ಸ್ಕಾಟ್ಲೆಂಡಿನ ರಾಜರ ಕಥೆಯೆಂದು ಈರಣ್ಣ ಕಿವಿಯಲ್ಲಿ ಹೇಳಿದರು. ಉತ್ತರ ದೇಶ ಎಂದರೆ ಕಾಶಿಯಲ್ಲ, ಇದೇ ದೇಶ. ರಣಸಿಂಗ ಈ ನೆಲದವನು. ನನ್ನ ಮೊಮ್ಮಗಳು ಹುಟ್ಟಿದ್ದು ಅವನ ನಾಡಿನಲ್ಲಿ. ಅದು ತಿಳಿದ ಮೇಲೆ ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡೇ ಮುಂದಿನದನ್ನು ನೋಡಿದೆ.

ಕೊನೆಗೆ ಸತ್ತವರೆಲ್ಲ ಎದ್ದು ಬಂದು ಕೈಕೈ ಹಿಡಿದು ಬಾಗಿದರು. ಪಾದ ಹಿಡಿಯುವುದನ್ನು ಕಾಯ್ದೆ, ಹಿಡಿಯಲಿಲ್ಲ. ಒಳಗಾದರೂ ಹಿಡಿಯಬಹುದೆಂದು ಈರಣ್ಣನವರನ್ನು ಎಳೆದುಕೊಂಡು ಹಿಂಬಾಗಿಲಿಗೆ ಹೋದೆ. ಕೊಂದವನು ಸೇಬು ಕಡಿಯುತ್ತ, ಸತ್ತ ರಾಜನ ಹೆಗಲಿಗೆ ಕೈಹಾಕಿಕೊಂಡು ಹೊರಬಂದ. ಬಣ್ಣ ಆಗಲೇ ಒರೆಸಿಯಾಗಿತ್ತು. ನಿಮಗೆ ಮಕ್ಕಳಿದ್ದಾರೆಯೇ ಎಂದು ಕೇಳಿಸಿದೆ. ಅಳಿಯಂದಿರಿಗೆ ನಾಚಿಕೆ, ಆದರೂ ಕೇಳಿದರು. ಮೂರು ಎಂದು ಅವನು ಬೆರಳು ತೋರಿಸಿದ. ಮೂರನ್ನೂ ನೀನೇ ಎತ್ತಿ ಆಡಿಸಿದೆಯಾ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರು ತಿರುವಿನಲ್ಲಿ ಮರೆಯಾದರು.

ಎಲ್ಸಿ ಅಕ್ಕೋರ ಅಡುಗೆಮನೆ

ಕೆಳಗಿನ ಮನೆಯಲ್ಲಿ ಎಲ್ಸಿ ಎಂಬ ಮುದುಕಿ ಇದ್ದರು. ಸಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಅದಕ್ಕೆ ನಾನು ಎಲ್ಸಿ ಅಕ್ಕೋರು ಎನ್ನುತ್ತಿದ್ದೆ. ಕೂಸು ಹುಟ್ಟಿದ ದಿನ ಅವರು ಒಂದು ತಟ್ಟೆ ಬಿಸ್ಕತ್ತು ಕಳಿಸಿದ್ದರು. ತಟ್ಟೆ ಬರಿದೇ ಹಿಂದಿರುಗಿಸುವುದುಂಟೇ, ನಾಟಕದ ಮರುದಿನ ಬೆಳಿಗ್ಗೆ ನೀಲವ್ವ ಅದರಲ್ಲಿ ನಾಲ್ಕು ಅಂಟಿನ ಉಂಡಿ ಇಟ್ಟು ನನ್ನ ಕೈಗೆ ಕೊಟ್ಟಳು. ರಾತ್ರಿ ಡ್ಯೂಟಿ ಮುಗಿಸಿ ಬಂದ ಈರಣ್ಣ ಕಣ್ಣು ತಿಕ್ಕುತ್ತ ಮಾತು ದಾಟಿಸಲು ಕೂತರು.

ನಾಟಕ ನೋಡಿದೆವೆಂದು ಕೇಳಿದ ಕೂಡಲೇ ಎಲ್ಸಿ ಅಕ್ಕೋರು ಉಂಡಿಯನ್ನು ತಟ್ಟೆಗೆ ಬಡಿದು ಇಟ್ಟರು. ಅದು ನಾಟಕವಲ್ಲ, ಒಬ್ಬ ಒಳ್ಳೆಯ ಅರಸನ ಮೇಲೆ ಹೊರಿಸಿದ ಕೇಸು ಎಂದರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಅದು ಒಂಬೈನೂರು ವರ್ಷಕ್ಕೂ ಹಿಂದಿನ ಮಾತು, ನಮ್ಮ ಕಡೆ ಶರಣರ ಕಾಲಕ್ಕೂ ಮೊದಲು. ಸತ್ತ ರಾಜ ಮುದುಕನಲ್ಲ, ಪ್ರಾಯದವನು. ಯಾರ ಮನೆಗೂ ಉಣ್ಣಲು ಹೋಗಿರಲಿಲ್ಲ, ದಂಡು ಕಟ್ಟಿಕೊಂಡು ರಣಸಿಂಗನ ಸೀಮೆಯ ಮೇಲೆ ಏರಿಹೋಗಿದ್ದ. ಹಗಲಿನ ಕಾಳಗದಲ್ಲಿ ಗಾಯಗೊಂಡು, ಒಬ್ಬ ಕಂಬಾರನ ಗುಡಿಸಲಲ್ಲಿ ಜೀವ ಬಿಟ್ಟ ಎನ್ನುತ್ತಾರೆ. ಆ ಕಾಲದಲ್ಲಿ ಅಪ್ಪನ ಹಿಂದೆ ಮಗನೇ ರಾಜನಾಗಬೇಕೆಂಬ ಕಟ್ಟೂ ಇರಲಿಲ್ಲ, ವಂಶದ ಗಟ್ಟಿಗ ಯಾರೋ ಅವನು. ನಮ್ಮ ರಣಸಿಂಗ ಹದಿನೇಳು ವರ್ಷ ಆಳಿದ. ಕಳ್ಳಕಾಕರ ಹೆದರಿಕೆ ಇರಲಿಲ್ಲ, ದೂರದ ರೋಮ್ ಪಟ್ಟಣಕ್ಕೆ ಯಾತ್ರೆ ಹೋಗಿ ಬಡವರಿಗೆ ಕೈತುಂಬ ದಾನ ಮಾಡಿ ಬಂದ. ಹೆಂಡತಿಗೆ ಮೊದಲ ಗಂಡನಿಂದ ಒಬ್ಬ ಮಗನಿದ್ದ, ಅವನನ್ನು ತನ್ನ ಮಗನಂತೆ ಸಾಕಿದ. ಇವನ ನಂತರ ಗದ್ದುಗೆ ಏರಿದ್ದು ಆ ಮಗನೇ.

ಹಾಗಾದರೆ ಈ ಕಥೆ ಎಲ್ಲಿಂದ ಬಂತು ಎಂದೆ. ಮುಂದೆ ಗದ್ದುಗೆ ಹಿಡಿದದ್ದು ಸತ್ತ ರಾಜನ ಮಕ್ಕಳ ವಂಶ. ಅವರ ಚರಿತ್ರೆ ಬರೆದವರು ಇವನನ್ನು ಸ್ವಲ್ಪ ಸ್ವಲ್ಪವೇ ಕರಿ ಮಾಡುತ್ತ ಹೋದರಂತೆ. ಒಬ್ಬ ಅಡವಿಯ ಹೆಂಗಸರನ್ನು ಸೇರಿಸಿದ, ಇನ್ನೊಬ್ಬ ಮನೆಗೆ ಬಂದ ಅತಿಥಿಯನ್ನು ಸೇರಿಸಿದ. ಐನೂರು ವರ್ಷಕ್ಕೂ ಮೇಲೆ ಒಬ್ಬ ನಾಟಕಕಾರನ ಕೈಗೆ ಅದು ಸಿಕ್ಕಿತು. ಆಗ ಆಳುತ್ತಿದ್ದ ದೊರೆಗೆ ಮಾಟಗಾತಿಯರ ಹುಚ್ಚು, ತನ್ನ ಹಿರಿಯರ ಹೆಮ್ಮೆ ಬೇರೆ. ಅವನು ಮೆಚ್ಚುವಂತೆ ಬರೆದ. ಬರೆದದ್ದು ಎಷ್ಟು ಚೆಂದವಾಯಿತೆಂದರೆ ನಿಜ ಯಾರಿಗೂ ಬೇಡವಾಯಿತು ಎಂದು ಎಲ್ಸಿ ಅಕ್ಕೋರು ಚಹ ಸುರಿದರು.

ಕ್ಷಣಹೊತ್ತು ನನಗೆ ಮೈ ಹಗುರಾಯಿತು. ಅತಿಥಿಯನ್ನು ಕೊಂದಿಲ್ಲ, ಮನೆತನ ಮುಗಿದಿಲ್ಲ. ಹಾಗಾದರೆ ನನ್ನ ಕೈಗೆ ಹತ್ತಿದ್ದಾದರೂ ಏನು? ಚಹ ಮುಗಿಯುವುದರೊಳಗೆ ಆ ಹಗುರವೂ ಹೋಯಿತು. ಕೊಲ್ಲದವನನ್ನು ಕೊಲೆಗಡುಕನೆಂದು ಇಪ್ಪತ್ತೆರಡು ವರ್ಷ ಊರೂರಲ್ಲಿ ಕುಣಿದು ಸಾರಿದವನು ನಾನು. ಆ ಪಾಪ ಎಲ್ಲಿಗೆ ಹೋಗಬೇಕು? ಒಬ್ಬನ ಪಾದ ಹಿಡಿಯುವುದು ಬಾಕಿ ಇದೆಯೆಂದುಕೊಂಡಿದ್ದೆ, ಈಗ ಇಬ್ಬರದಾಯಿತು.

“ಆ ಕಾಳಗದ ಹೊಲ ಎಲ್ಲಿ ಐತಿ ಅಂತ ಕೇಳ್ರಿ,” ಎಂದೆ.

“ಮಾವಾರ, ನಾ ಎರಡ ದಿನದಿಂದ ನಿದ್ದಿ ಮಾಡಿಲ್ರಿ.”

“ನಾ ಆರು ವರ್ಷದಿಂದ ಮಾಡಿಲ್ಲ, ಅಳಿಯಂದ್ರ.”

ಅವರು ನನ್ನ ಮುಖ ನೋಡಿದರು. ಎಲ್ಸಿ ಅಕ್ಕೋರ ಕಡೆ ತಿರುಗಿ ದಾರಿ ಕೇಳಿ ತಿಳಿದುಕೊಂಡರು.

ಎಲ್ಗಿನ್ ಆಚೆಯ ಹೊಲ

ಭಾನುವಾರ ಕಾರಿನಲ್ಲಿ ಹೊರಟೆವು. ಈರಣ್ಣ, ನಾನು, ದಾರಿ ತೋರಿಸಲು ಎಲ್ಸಿ ಅಕ್ಕೋರು. ಹೊರಡುವಾಗ ನೀಲವ್ವ, ಎಲ್ಲಿಗೆ ಯಾಕೆ ಎಂದು ಕೇಳದೆ, ತೊಟ್ಟಿಲಿಗೆ ತಂದ ಎರಡು ಕಾಯಿಗಳಲ್ಲಿ ಒಂದನ್ನು ವಸ್ತ್ರದಲ್ಲಿ ಕಟ್ಟಿ ನನ್ನ ಮಡಿಲಿಗೆ ಇಟ್ಟಳು.

ಎರಡು ತಾಸಿನ ದಾರಿ. ಎಲ್ಗಿನ್ ಎಂಬ ಊರು ದಾಟಿದ ಮೇಲೆ ನೆಲ ಸಪಾಟು. ಜವೆಗೋಧಿಯ ಪೈರು ಗಾಳಿಗೆ ಬಾಗುವುದನ್ನು ಕಂಡು ನಮ್ಮ ಎರಿಹೊಲದ ಹಿಂಗಾರಿ ಜೋಳ ನೆನಪಾಯಿತು. ಕಾಳಗ ಇಂಥ ಜಾಗದಲ್ಲೇ ಆಯಿತೆಂದು ಯಾರೂ ಹೇಳಲಾರರು, ಈ ಹೊಲಗಳ ನಡುವೆ ಎಲ್ಲೋ ಕಂಬಾರನ ಗುಡಿಸಲು ಇತ್ತಂತೆ ಎಂದು ಎಲ್ಸಿ ಅಕ್ಕೋರು ಕೈ ಬೀಸಿ ತೋರಿಸಿದರು. ನನಗೆ ಮಾತ್ರ ಜಾಗ ಕಂಡೇಬಿಟ್ಟಿತು. ಹುಲ್ಲುಗಾವಲಿನ ನಡುವೆ ಆಳೆತ್ತರದ ಒಂದೇ ಕಲ್ಲು. ನಾಲ್ಕೂ ಬದಿ ನುಣುಪಾಗಿ, ನಿತ್ಯ ಎಣ್ಣೆ ಹಚ್ಚಿ ಪೂಜೆ ಮಾಡಿದ ಹಾಗೆ ಮಿರಮಿರ ಹೊಳೆಯುತ್ತಿತ್ತು. ಅಷ್ಟು ಹೊಳಪು ಸುಮ್ಮನೆ ಬರುವುದೇ? ಈ ಜನ ಬಾಯಲ್ಲಿ ಹೇಳದಿದ್ದರೂ ಕದ್ದು ಪೂಜೆ ಮಾಡುತ್ತಾರೆಂದು ಅಂದುಕೊಂಡೆ.

ಬೂಟು ಬಿಚ್ಚಿದೆ. ಈರಣ್ಣ ಏನೋ ಹೇಳಲು ಬಂದರು, ಅಷ್ಟರಲ್ಲಿ ಬೇಲಿ ದಾಟಿದ್ದೆ. ಕಲ್ಲಿಗೆ ವಿಭೂತಿ ಎಳೆದು, ಕಾಯಿ ಒಡೆದು, ಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದೆ. ಮೊದಲು ಧರ್ಮಸೇನನಿಗೆ ಹೇಳಿದೆ, ನಿನ್ನನ್ನು ಕೊಂದು ಪಾದ ಹಿಡಿಯದೆ ಓಡಿದೆ, ತಪ್ಪಾಯಿತು. ಆಮೇಲೆ ರಣಸಿಂಗನಿಗೆ ಹೇಳಿದೆ, ನೀನು ಮಾಡದ್ದನ್ನು ನಿನ್ನ ಹೆಸರಿನಲ್ಲಿ ಮಾಡಿ ತೋರಿಸಿದೆ, ಮುದ್ದೇಬಿಹಾಳದಲ್ಲಿ ಮೂರು ಸಲ, ಬಾಗೇವಾಡಿಯಲ್ಲಿ ಐದು ಸಲ, ಬೇರೆ ಊರುಗಳ ಲೆಕ್ಕ ನನಗಿಲ್ಲ, ಮನ್ನಿಸು. ಇಷ್ಟು ಹೇಳಿ, ಯಾರಾದರೂ ಮುಗೀತು ಹೋಗು ಎನ್ನಲಿ ಎಂಬ ಹಾಗೆ ಅಲ್ಲೇ ಬಿದ್ದುಕೊಂಡಿದ್ದೆ.

ಮುಖಕ್ಕೆ ಬಿಸಿ ಉಸಿರು ಬಡಿಯಿತು. ತಲೆ ಎತ್ತಿದರೆ ನಾಯಿ. ನಾಯಿಯ ಹಿಂದೆ ಮೊಣಕಾಲವರೆಗೆ ರಬ್ಬರ ಬೂಟು, ಬೂಟಿನ ಮೇಲೆ ಹೊಲದ ಯಜಮಾನ. ನನ್ನಷ್ಟೇ ವಯಸ್ಸು, ಕೆಂಪು ಮುಖ. ಈರಣ್ಣ ಓಡಿ ಬಂದು ಏನೇನೋ ಸಮಜಾಯಿಷಿ ಹೇಳಿದರು. ಅವನು ಕಲ್ಲನ್ನು ನೋಡಿದ, ಕಾಯಿಯನ್ನು ನೋಡಿದ, ನಿಧಾನವಾಗಿ ಏನೋ ಹೇಳಿದ. ಎಲ್ಸಿ ಅಕ್ಕೋರು ಕರವಸ್ತ್ರ ಬಾಯಿಗೆ ಒತ್ತಿಕೊಂಡರು.

“ಮಾವಾರ,” ಎಂದರು ಈರಣ್ಣ, “ಇದು ದನದ ಕಲ್ಲಂತ್ರಿ. ತುರಿಕಿ ಬಂದಾಗ ಮೈ ತಿಕ್ಕೊಳ್ಳಾಕ ಇವರ ಅಜ್ಜ ನಿಲ್ಲಿಸಿದ್ದಂತ. ಆ ಹೊಳಪು ಆಕಳ ಕುತ್ತಿಗಿದು.”

ನಾಚಿಕೆಯಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ನಾವು ಬಾಗೇವಾಡಿಯ ಮಗ್ಗುಲಿನ ಮಂದಿ, ಎತ್ತಿಗೆ ಕೈಮುಗಿದು ಹೊಲಕ್ಕಿಳಿಯುವವರು. ದನ ಕುತ್ತಿಗೆ ತಿಕ್ಕಿದ ಕಲ್ಲಿಗೆ ಕಾಯಿ ಒಡೆದದ್ದು ನನಗೇನೂ ದೊಡ್ಡ ತಪ್ಪೆನಿಸಲಿಲ್ಲ. ಹಾಗೆಂದು ಹೇಳಿಸಿದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಎಷ್ಟು ಎಕರೆ, ಯಾರ ಪೈಕಿ, ಏನು ಬೆಳೆಯುತ್ತೀ ಎಂದು ಕೇಳಿದ. ಆ ದೇಶಕ್ಕೆ ಬಂದ ಮೇಲೆ ನನ್ನನ್ನು ಹೀಗೆ ಕೇಳಿದವನು ಅವನೊಬ್ಬನೇ. ನನಗೆ ಕಣ್ಣು ತುಂಬಿತು. ಜೋಳ, ಕಡಲೆ, ಕುಸುಬೆ ಎಂದೆ. ಆಮೇಲೆ ಯಾಕೋ ಎಲ್ಲವನ್ನೂ ಹೇಳಿಬಿಟ್ಟೆ. ಆಟ, ಪಾದ, ಕೂಸು, ಆಣೆ. ಅಳಿಯಂದಿರು ಒಂದೊಂದೇ ಮಾತು ಹೊರಳಿಸುತ್ತ, ಕೂಸಿನ ಮಾತು ಬಂದಾಗ ಕಲ್ಲಿಗೆ ಕೈ ಊರಿದರು. ಅದು ಅವರದೂ ಕೂಸು. ನನ್ನ ಆಣೆಯ ಸುದ್ದಿ ಅವರು ಕೇಳಿದ್ದು ಆಗಲೇ.

ಯಜಮಾನ ನಗಲಿಲ್ಲ. ರಾಜರ ವಿಷಯ ತನಗೆ ತಿಳಿಯದು, ದನದ ವ್ಯಾಪಾರ ತಿಳಿಯುತ್ತದೆ ಎಂದ. ವ್ಯಾಪಾರ ಮುಗಿಯಿತೆಂದರೆ ಅವರಲ್ಲಿ ಅಂಗೈಗೆ ಉಗುಳಿ, ಎದುರಿನವನ ಅಂಗೈಗೆ ಬಡಿಯುತ್ತಾರಂತೆ, ಅದಾದ ಮೇಲೆ ಹಿಂದಿನ ಮಾತು ಎತ್ತುವಂತಿಲ್ಲವಂತೆ. ನಮ್ಮ ದನದ ಸಂತೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಮುಗಿಸುತ್ತೇವೆ, ಇವರದು ಬಯಲಿನಲ್ಲಿ. ಉಗುಳಿ ಕೈ ಚಾಚಿದ. ನಾನೂ ಉಗುಳಿದೆ. ಫಟ್ ಎಂದು ಬಡಿದ ರಭಸಕ್ಕೆ ಭುಜದವರೆಗೆ ಜುಮ್ಮೆಂದಿತು.

ಇಷ್ಟಕ್ಕೆ ಆ ಭಾರ ಹೋಯಿತೇ ಎಂದು ಕೇಳುತ್ತೀರಿ. ಅರ್ಧ ಹೋಯಿತು. ಅರ್ಧ ಕಾರಿನಲ್ಲಿ ನನ್ನ ಜೊತೆಗೇ ಬಂತು.

ಮತ್ತೆ ಅಬರ್ಡೀನ್

ಸಂಜೆ ಮನೆ ಮುಟ್ಟಿದಾಗ ನೀಲವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಈರಣ್ಣ ಅಡುಗೆಮನೆಗೆ ಹೋಗಿ ಶಾಂತಾಳನ್ನು ಕರೆದು ಏನೋ ಮಾತಾಡಿದರು. ಆಮೇಲೆ ಶಾಂತಾ ಕೂಸನ್ನು ಎತ್ತಿಕೊಂಡು ನಾನು ಕೂತ ಕೋಣೆಗೆ ಬಂದಳು. ನಾನು ಮೇಜಿನ ಮೇಲಿದ್ದ ಪೇಪರು ಎತ್ತಿಕೊಂಡೆ. ಅವಳು ಅದನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟಳು.

“ಸತ್ತ ರಾಜರನ್ನೆಲ್ಲ ಕೇಳಿ ಬಂದ್ಯಂತ. ನನ್ನ ಯಾಕ ಕೇಳಲಿಲ್ಲ, ಅಪ್ಪಾ?”

ನಾನು ಮತ್ತೆ ಪೇಪರಿಗೆ ಕೈ ಚಾಚಿದೆ. ಆರು ವರ್ಷದಲ್ಲಿ ನಾನು ಅವಳ ಮುಂದೆ ಆ ಕೂಸಿನ ಹೆಸರೆತ್ತಿರಲಿಲ್ಲ. ನೋವಾದೀತೆಂದು ಸುಮ್ಮನಿದ್ದೆ ಎಂದುಕೊಂಡಿದ್ದೆ. ನೋವು ಯಾರಿಗೆ ಎಂದು ಮಾತ್ರ ವಿಚಾರ ಮಾಡಿರಲಿಲ್ಲ.

“ಯವ್ವಾ, ನಾ ಬಣ್ಣದ ಕೈಲೆ...”

“ಅವನಿಗಿ ಉಸರು ಸಣ್ಣದಿತ್ತು, ಮೈ ನೀಲಿ ಇತ್ತು. ನೋಡಾಕ ಬಂದವರೆಲ್ಲ ಬಾಗಲದಾಗ ನಿಂತು ಹೋದ್ರು. ಅತ್ತೀನೂ ಮುಟ್ಟಲಿಲ್ಲ, ಅವ್ವಗೂ ಧೈರ್ಯ ಇರಲಿಲ್ಲ. ಮೂರ ದಿನದಾಗ ಅವನ್ನ ನಕ್ಕೋಂತ ಎತ್ತಿಕೊಂಡಾವ ನೀ ಒಬ್ಬನ.” ಅವಳು ಕೂಸಿನ ಹೊದಿಕೆ ಎಳೆದು ಹೊದಿಸಿದಳು. “ಅವನ ನೆನಪ ಬಂದಾಗೆಲ್ಲ ನಿನ್ನ ಕೆಂಪ ಮಾರಿ, ನಿನ್ನ ಕುಣಿತ ಕಣ್ಣಿಗಿ ಕಟ್ಟತೈತಿ. ನನಗ ಅದೊಂದ ಚಲೋ ನೆನಪ ಉಳದೈತಿ, ಅಪ್ಪಾ. ನೀ ಅದನ್ನೂ ಕಸಗೊಳ್ಳಬ್ಯಾಡ.”

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ನಾನು ನನ್ನ ಅಂಗೈ ನೋಡಿಕೊಂಡೆ. ಎದ್ದು, ಕೈ ತೊಳೆದುಕೊಂಡು ಬರುತ್ತೇನೆ ಎಂದೆ.

“ಎಷ್ಟ ಸಲ ತೊಳೀತಿ? ಆರು ವರ್ಷ ಆತು. ಕುಂದರು.”

ಕೂತೆ. ಅವಳು ಕೂಸನ್ನು ನನ್ನ ಕೈಗಿಟ್ಟು, ನನ್ನ ಮೊಣಕೈ ಸರಿಪಡಿಸಿ, ತಾನು ಹಿಂದೆ ಸರಿದು ನಿಂತಳು. ಎಷ್ಟು ಹಗುರ ಅಂತೀರಿ, ಒಂದು ಸೇರು ಹತ್ತಿಯಷ್ಟು ಇಲ್ಲ, ಆದರೂ ತುಂಬಿದ ಕೊಡ ಹಿಡಿದ ಹಾಗೆ ಹಿಡಿದೆ. ಮೊಮ್ಮಗಳು ಕಣ್ಣು ತೆರೆದು ಇವನ್ಯಾರು ಎಂಬಂತೆ ನೋಡಿದಳು. ಬಾಯಿ ಸೊಟ್ಟ ಮಾಡಿದಳು, ಇನ್ನೇನು ಅಳುತ್ತಾಳೆ ಎನ್ನುವಷ್ಟರಲ್ಲಿ ಆಕಳಿಸಿ ನಿದ್ದೆ ಹೋದಳು. ನನ್ನ ಹೊಸ ಪಂಚೆ ಬೆಚ್ಚಗೆ ಒದ್ದೆಯಾಯಿತು. ನಾನು ಅಲುಗಲಿಲ್ಲ.

ಕಾಲು ಜೋಮು ಹಿಡಿಯಿತು, ಹೊರಗೆ ಬಿಳಿ ಹಕ್ಕಿಗಳು ಕೂಗಿ ಕೂಗಿ ಸುಮ್ಮನಾದವು. ನೀಲವ್ವ ಊಟಕ್ಕೆ ಎರಡು ಸಲ ಕರೆದಳು. ಮೂರನೆಯ ಸಲ ಬಯ್ಯುತ್ತ ಬಂದವಳು ಬಾಗಿಲಲ್ಲಿ ನಿಂತು ನೋಡಿ, ಬೈಗುಳವನ್ನು ಅರ್ಧಕ್ಕೇ ಬಿಟ್ಟಳು. ಹೋಗಿ ತಟ್ಟೆ ತಂದು ನನ್ನ ಪಕ್ಕದಲ್ಲಿ ಕೂತು, ರೊಟ್ಟಿ ಮುರಿದು ಪಲ್ಯ ಹಚ್ಚಿ ಒಂದೊಂದೇ ತುತ್ತು ನನ್ನ ಬಾಯಿಗಿಟ್ಟಳು. ಮದುವೆಯಲ್ಲಿ ಮಂದಿಯ ಒತ್ತಾಯಕ್ಕೆ ಇಟ್ಟದ್ದು ಬಿಟ್ಟರೆ, ನಲವತ್ತು ವರ್ಷದಲ್ಲಿ ಅದೇ ಮೊದಲು.